ಎಂಜಿನ್ನಿಗೆ ಬಿಡುವು ಕೊಟ್ಟವನು

ಈ ಸೀಮೆಯಲ್ಲಿ ಲಾರಿ ಕಲಿತದ್ದಕ್ಕೆ ನಾನು ತೆತ್ತ ಬೆಲೆ ನನ್ನ ಬಾಮೈದ ಕೆಂಪ. ಅವನ ಜೊತೆಗೆ ನನ್ನ ಹೆಂಡತಿಯ ತವರೂ ಹೋಯಿತು. ಯಾವ ವ್ಯಾಪಾರದಲ್ಲೂ ಚೌಕಾಸಿ ಮಾಡದೆ ಬಿಟ್ಟವನಲ್ಲ ನಾನು. ಈ ಒಂದರಲ್ಲಿ ಮಾತ್ರ ಬೆಲೆ ಇಳಿಸಿ ಎಂದು ಕೇಳುವುದಕ್ಕೆ ಎದುರಿಗೆ ಯಾರೂ ಇರಲಿಲ್ಲ.

ಮಾಗಡಿ ಕಡೆ ನಾನೂ ಕೆಂಪನೂ ಎತ್ತಿನಗಾಡಿ ಹೊಡೆಯುತ್ತಿದ್ದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಡ್ರೈವರುಗಳೆಲ್ಲ ಮಿಲಿಟರಿಗೆ ಸೇರಿಹೋಗಿ, ಹೊಸೂರಿನ ಲಾರಿ ಸಾಹುಕಾರರು ಹೊಸಬರನ್ನು ಹುಡುಕುತ್ತಿದ್ದರು. ಅತ್ತಿಬೆಲೆ ದಾಟಿ ಬಂದ ಮೊದಲ ದಿನ ಸಂತೆಯಲ್ಲಿ ನಿಂತು ಕಂಗಾಲಾದೆವು. ಒಬ್ಬನೇ ಮನುಷ್ಯ ತೆಲುಗಿನಲ್ಲಿ ಬೆಲೆ ಕಟ್ಟಿ, ಕನ್ನಡದಲ್ಲಿ ಇಳಿಸಿ, ತಮಿಳಿನಲ್ಲಿ ಬೈಯುತ್ತಿದ್ದ. ನಮ್ಮೂರಲ್ಲಿ ಬೈಗುಳ ಯಾರಿಗೆ ಎಂದಾದರೂ ತಿಳಿಯುತ್ತದೆ. ಇಲ್ಲಿ ಅದನ್ನು ತಿಳಿಯುವುದಕ್ಕೇ ಒಂದು ಮಳೆಗಾಲ ಬೇಕಾಯಿತು. ಮುದ್ದೆಗೆ ಇಲ್ಲಿ ಕಳಿ ಎನ್ನುತ್ತಾರೆ. ಹೆಸರು ಬೇರೆಯಾದರೂ ಗಂಟಲಲ್ಲಿ ಇಳಿಯುವುದು ಅದೇ ರಾಗಿ. ಬಾಡಿಗೆ ಮನೆ ಸಿಕ್ಕುವುದು ಮಾತ್ರ ಕಷ್ಟವಾಗಿತ್ತು. ಎಣ್ಣೆ ಕಲೆಯ ಬಟ್ಟೆ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಸಾಕಮ್ಮನನ್ನು ಮುಂದೆ ನಿಲ್ಲಿಸಿ, ಒಗೆದ ಪಂಚೆ ಉಟ್ಟು ಹೋದಾಗ ಒಂದು ಕೋಣೆ ಸಿಕ್ಕಿತು.

ನಮಗೆ ಲಾರಿ ಕಲಿಸಿದವರು ಕೃಷ್ಣಗಿರಿಯ ಮುನುಸಾಮಣ್ಣ, ಹಳೆಯ ತಮಿಳು ಡ್ರೈವರು. ಶೂಳಗಿರಿ ದಾಟಿದ ಮೇಲೆ ರಸ್ತೆ ಒಂದು ಉಬ್ಬು ಹತ್ತಿ, ಕೃಷ್ಣಗಿರಿಯ ಕಡೆಗೆ ಕಡಿದಾಗಿ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಅವರು ಹೊಸಬರನ್ನು ಮೊದಲು ನಡೆಸುತ್ತಿದ್ದರು. ಲಾರಿಯನ್ನು ಮೇಲೆ ನಿಲ್ಲಿಸಿ, ಕಾಲ್ನಡಿಗೆಯಲ್ಲಿ ಕೆಳಗಿನವರೆಗೆ ಇಳಿದು ಮತ್ತೆ ಹತ್ತಬೇಕು. ಮೊಣಕಾಲು ಎಲ್ಲಿ ನಡುಗಿತೋ ಅಲ್ಲಿ ಬ್ರೇಕೂ ನಡುಗುತ್ತದೆ, ನೆನಪಿಟ್ಟುಕೊಳ್ಳಿ ಎನ್ನುವರು.

ಕೆಂಪನಿಗೆ ನನಗಿಂತ ಬೇಗ ಕೈ ಕುದುರಿತು. ಆದರೆ ಒಂದು ಅಭ್ಯಾಸ ಅವನನ್ನು ಬಿಡಲಿಲ್ಲ. ಗಾಡಿ ಹೊಡೆಯುವವರು ಏರು ಹತ್ತಿದ ಮೇಲೆ ಹಗ್ಗ ಸಡಿಲಬಿಟ್ಟು ಎತ್ತುಗಳಿಗೆ ಉಸಿರು ಬಿಡಲು ಕೊಡುತ್ತೇವಷ್ಟೆ? ಇವನು ಉಬ್ಬು ಹತ್ತಿದ ಕೂಡಲೇ ಗೇರು ತೆಗೆದು, ಎಂಜಿನ್ನು ಆರಿಸಿ, ಲಾರಿಯನ್ನು ಇಳಿಜಾರಿಗೆ ಬಿಟ್ಟುಬಿಡುತ್ತಿದ್ದ.

"ಡೇಯ್ ತಂಬಿ," ಎಂದು ಮುನುಸಾಮಣ್ಣ ಗದರಿದರು. ತಂಬಿ ಎಂದರೆ ತಮ್ಮ. "ಅದು ಎತ್ತಲ್ಲ ಕಣ್ಲಾ, ಕಬ್ಬಿಣ. ಯಾವ ಗೇರಲ್ಲಿ ಹತ್ತಿದ್ಯೋ ಅದ್ರಲ್ಲೇ ಇಳಿ. ಬ್ರೇಕು ಆಮೇಲೆ, ಎಂಜಿನ್ನೇ ಹಿಡ್ಕೊಳ್ಳುತ್ತೆ."

"ಹೆಂಗ್ ಅರಚ್ಕೊಳ್ತದೆ ನೋಡಿ ಸಾಮಣ್ಣ. ಹತ್ತಿ ಹತ್ತಿ ಸುಸ್ತಾಗೈತೆ, ಪಾಪ."

"ಕಬ್ಬಿಣಕ್ಕೆ ಸುಸ್ತಾ?"

"ನಿಮ್ ಸೇಲಂ ಕಬ್ಬಿಣ ಹೆಂಗೋ ಕಾಣೆ. ನಮ್ ಮಾಗಡಿ ಕಬ್ಬಿಣಕ್ಕೆ ಆಯ್ತದೆ!"

ಎಲ್ಲರೂ ನಕ್ಕೆವು, ಮುನುಸಾಮಣ್ಣನೂ ನಕ್ಕರು. ಪೆಟ್ರೋಲಿಗೆ ರೇಷನ್ ಇದ್ದ ಕಾಲ. ಕೆಂಪನ ಲಾರಿ ಕಡಿಮೆ ಕುಡಿಯುತ್ತದೆಂದು ಸಾಹುಕಾರರು ಭೇಷ್ ಎಂದರು. ಗದರುವವರು ಒಬ್ಬರು, ಬೆನ್ನು ತಟ್ಟುವವರು ಒಬ್ಬರು. ಹುಡುಗಾಟದ ವಯಸ್ಸು ಯಾರ ಮಾತು ಕೇಳೀತು?

ಆ ಬೆಳಿಗ್ಗೆ ಅವನ ಲಾರಿಯಲ್ಲಿ ಹುಣಸೆಹಣ್ಣಿನ ಮೂಟೆಗಳಿದ್ದವು. ಹಿಂದಿನ ಲಾರಿಯಲ್ಲಿ ನಾನೂ ಮುನುಸಾಮಣ್ಣನೂ ಇದ್ದೆವು. ಉಬ್ಬಿನ ಮೇಲೆ ಅವನ ಎಂಜಿನ್ನಿನ ಸದ್ದು ನಿಂತಿತು. ಮುನುಸಾಮಣ್ಣ "ಅಯ್ಯೋ" ಎಂದರು. ತುಂಬಿದ ಲಾರಿಯೊಂದು ಸದ್ದೇ ಇಲ್ಲದೆ ಓಡುವುದನ್ನು ನೀವು ನೋಡಿರಲಾರಿರಿ, ನೋಡಲೂಬಾರದು. ವೇಗ ಏರಿದ ಮೇಲೆ ಗೇರು ಮತ್ತೆ ಕೂರುವುದಿಲ್ಲ, ಕಾದ ಬ್ರೇಕು ಹಿಡಿಯುವುದಿಲ್ಲ. ಕೆಳಗೆ ಯಾರದೋ ದನಗಳು ರಸ್ತೆ ದಾಟುತ್ತಿದ್ದವು. ಅವುಗಳಿಗಾಗಿ ಕೆಂಪ ರಬ್ಬರ್ ಹಾರ್ನನ್ನು ಒತ್ತುತ್ತಲೇ ಇದ್ದ. ದನಗಳು ಉಳಿದುಕೊಂಡವು. ತಿರುವಿನಲ್ಲಿ ಆ ಹಾರ್ನೂ ನಿಂತಿತು.

ಕೆಂಪನನ್ನು ಊರಿಗೆ ಒಯ್ದು ಮಣ್ಣು ಮಾಡಿದೆವು. ನಮ್ಮತ್ತೆ ಅಳಲಿಲ್ಲ. ನಾವು ಹೊರಡುವಾಗ ಬಾಗಿಲಲ್ಲಿ ನಿಂತು, "ಮಗನ್ನ ಕರ್ಕೊಂಡು ಹೋದೋರು ಬರೀ ಕೈಲಿ ಈ ಹೊಸ್ಲು ತುಳೀಬ್ಯಾಡಿ" ಎಂದರು. ಅಂದಿನಿಂದ ಗೌರಿ ಹಬ್ಬಕ್ಕೆ ನನ್ನ ಹೆಂಡತಿಗೆ ತವರಿನ ಬಾಗಿನ ಬಂದಿಲ್ಲ.

ನಾನು ಗಾಡಿಗೇ ಹಿಂತಿರುಗೋಣ ಎಂದುಕೊಂಡಿದ್ದೆ. ಸಾಕಮ್ಮ ಒಂದು ದಿನ ಎದ್ದವಳೇ, "ನನ್ ತಮ್ಮ ಇಳಿದ ದಾರೀಲಿ ನನ್ನ ನಡ್ಸಿ" ಎಂದಳು. ಇಬ್ಬರೂ ನಡೆದೆವು. ತಿರುವಿನಲ್ಲಿ ಅವಳು ಕುಳಿತಳು.

"ಎತ್ತಾಗಿದ್ರೆ ತಾನೇ ಕಾಲೂರಿ ನಿಲ್ತಿತ್ತು, ಅಲ್ವಾ?"

"ಊಂ."

"ನೀವು ಇನ್ನು ಲಾರಿ ಮುಟ್ಟಲ್ವಾ?"

"ನೀನು ಹೇಳ್ದಂಗೆ."

"ಬಿಟ್ರೆ ಅವ್ನು ಸತ್ತಿದ್ದು ಯಾತಕ್ಕೂ ಇಲ್ದಂಗಾಯ್ತದೆ. ಈ ಇಳಿಜಾರಿನ ಬುಡದಲ್ಲೇ ಮನೆ ಹುಡ್ಕಿ. ನೀವು ಇಳಿಯೋವಾಗ ಎಂಜಿನ್ ಸದ್ದು ನನ್ ಕಿವಿಗೆ ಬೀಳ್ಬೇಕು. ಸದ್ದಿಲ್ದೆ ಇಳಿದ್ರೋ, ಅವತ್ತೇ ನಾನು ಬಸ್ಸು ಹತ್ತಿ ಹೊಂಟೋಯ್ತೀನಿ."

ಮನೆ ಅಲ್ಲೇ ಹಿಡಿದೆ. ನನ್ನ ಬದುಕಿನಲ್ಲಿ ಅದೊಂದೇ ಚೌಕಾಸಿಯಲ್ಲಿ ನಾನು ಸೋತು ಗೆದ್ದದ್ದು.

ಯುದ್ಧ ಮುಗಿದು ಮಿಲಿಟರಿ ಲಾರಿಗಳನ್ನು ಹರಾಜು ಹಾಕಿದಾಗ ಒಂದನ್ನು ಕೊಂಡೆ. ಮುನುಸಾಮಣ್ಣ ಕಣ್ಣು ಮಂಜಾಗಿ ಮನೆ ಸೇರಿದ ಮೇಲೆ ಹೊಸಬರನ್ನು ಇಳಿಜಾರಿನಲ್ಲಿ ನಡೆಸುವವನು ನಾನೇ. ಇಲ್ಲಿ ನನ್ನನ್ನು ಇಂದಿಗೂ ಮೈಸೂರು ಸೀಮೆಯವನೆನ್ನುತ್ತಾರೆ. ಮಾಗಡಿಯಲ್ಲಿ ಹೊಸೂರಿನವನೆನ್ನುತ್ತಾರೆ. ಅಲ್ಲಿ ಕೆಂಪನ ಮಣ್ಣಿದೆ, ಇಲ್ಲಿ ಅವನ ತಿರುವಿದೆ. ಎರಡನ್ನೂ ಬಿಟ್ಟು ಇರಲಾರೆ.

ಈ ಕಡೆ ಬರಬೇಕೆಂದಿರುವ ನಮ್ಮ ಕಡೆಯವರೇ, ಬನ್ನಿ, ಅನ್ನವಿದೆ. ಆದರೆ ಪೆಟ್ರೋಲು ಉಳಿಸಿದರೆ ಇನಾಮು ಕೊಡುತ್ತೇನೆನ್ನುವ ಸಾಹುಕಾರನ ಹತ್ತಿರ ಸೇರಬೇಡಿ. ಅವನು ಲಾರಿಯಲ್ಲಿ ಕೂರುವುದಿಲ್ಲ. ಲಾರಿ ಒಪ್ಪಿಕೊಳ್ಳುವ ಮೊದಲು ಬ್ರೇಕು ನೀವೇ ತುಳಿದು ನೋಡಿ. ತಪ್ಪು ಮಾಡಿದಾಗ ನಕ್ಕು ಬಿಡುವ ಗುರುವಿಗಿಂತ ಕೆಳಗಿಳಿಸಿ ನಡೆಸುವ ಗುರುವನ್ನು ಹುಡುಕಿ. ಹತ್ತಿದ ಗೇರಿನಲ್ಲೇ ಇಳಿಯಿರಿ. ಎಂಜಿನ್ನು ಗೋಳಿಡುತ್ತದೆ, ನಿಮಗೆ ಕನಿಕರ ಬರುತ್ತದೆ. ಗೋಳಿಡಲಿ ಬಿಡಿ. ಇಳಿಜಾರಿನ ಬುಡದಲ್ಲಿ ಯಾರೋ ಒಬ್ಬಳು ಆ ಗೋಳಿಗೇ ಕಿವಿಗೊಟ್ಟು, ಒಲೆಯ ಮೇಲೆ ಎಸರಿಟ್ಟುಕೊಂಡು ಕೂತಿರುತ್ತಾಳೆ.