ಹರಿದ ಚೀಲದೊಳಗಿನ ಬೆಳಕು

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ನಾನು ಗುಮಾಸ್ತನಾಗಿದ್ದಾಗ ಹರಿದ ಗೋಣಿಚೀಲ ಹೊಲಿಯುವ ಮುದುಕಿಯೊಬ್ಬಳಿದ್ದಳು. ಚೀಲದೊಳಗೆ ತಲೆ ತೂರಿಸಿ, ಬೆಳಕು ಕಂಡಲ್ಲೆಲ್ಲ ದಬ್ಬಣ ಚುಚ್ಚುವಳು. ಹೊಲಿದಾದ ಮೇಲೆ ಚೀಲವನ್ನೊಮ್ಮೆ ತಟ್ಟಿ, "ಇನ್ನೊಂದು ಸುಗ್ಗಿ ತಡಿತೈತ್ರಿ" ಎನ್ನುವಳು.

ಆಮೇಲೆ ಪ್ಲಾಸ್ಟಿಕ್ ಚೀಲಗಳು ಬಂದವು. ಹರಿದರೆ ಎಸೆದುಬಿಡುವುದು, ಅಷ್ಟೇ. "ನಾಳಿಂದ ಬರಬ್ಯಾಡಬೇ ಯವ್ವಾ" ಎಂದವನು ನಾನೇ.

ಎಷ್ಟೋ ವರ್ಷಗಳ ಮೇಲೆ, ನಮ್ಮ ಅಕ್ಕಿ ಕೊಳ್ಳುವ ಕಂಪನಿಗೆ ಪರಿಸರ ನೆನಪಾಯಿತು. ಗೋಣಿಚೀಲವನ್ನೇ ಮತ್ತೆ ಮತ್ತೆ ಬಳಸಬೇಕೆಂದು ಆದೇಶ ಬಂತು. ಹರಿದ ಚೀಲವೊಂದನ್ನು ಹಿಡಿದು ಅವಳ ಮನೆಗೆ ಹೋದೆ. ಅಂಗಳದ ಸುಡುಬಿಸಿಲಿನಲ್ಲೇ ಅವಳು ಅದರೊಳಗೆ ತಲೆ ತೂರಿಸಿ ಬಹಳ ಹೊತ್ತು ಕೂತಳು.

"ತೂತು ಎಲ್ಲೈತ್ರಿ ಸರ? ಬೆಳಕ ಕಾಣವಲ್ದು."

ಚೀಲದ ತೂತಿನಿಂದ ಅವಳ ಬೆಳ್ಳಗಾದ ಕಣ್ಣು ನನ್ನತ್ತಲೇ ನೋಡುತ್ತಿತ್ತು.