ಬೀಗ ಬಿದ್ದ ನಾನೂರ ಹದಿನೆಂಟು ಪುಟ

ಜಯದೇವಿಯವರನ್ನು ನಾನು ಮೊದಲು ಕಂಡ ದಿನ ಅವರು ತಮ್ಮ ಕಂಪ್ಯೂಟರನ್ನು ಬೈಯುತ್ತಿದ್ದರು. ಅದು ಎರಡು ಸಾವಿರದ ಹದಿನೈದನೆಯ ಇಸವಿಯ ಜೂನ್ ತಿಂಗಳು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಒಂದು ಸ್ಮರಣ ಸಂಚಿಕೆ ತರಲು ಹೊರಟಿದ್ದರು. ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿದ್ದ ನನ್ನ ಕೈಗೆ ಲೇಖನಗಳ ಕಟ್ಟು ಬಂದಿತ್ತು. ಬೆಂಗಳೂರಿನ ಆರ್‌ಪಿಸಿ ಲೇಔಟಿನಲ್ಲಿ ಒಬ್ಬರು ಕನ್ನಡವನ್ನು ತಪ್ಪಿಲ್ಲದೆ ಟೈಪ್ ಮಾಡುತ್ತಾರೆಂದು ಯಾರೋ ಹೇಳಿದ್ದರಿಂದ ಹುಡುಕಿಕೊಂಡು ಹೋದೆ. ಮನೆಯ ಮುಂದಿನ ಕೋಣೆಯೇ ಅವರ ಕಚೇರಿ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡಿದ್ದ ಹೆಂಗಸೊಬ್ಬರು ಪರದೆಯ ಮುಂದೆ ಕುಳಿತು, "ನಿನ್ನ ಮನೆ ಕಾಯೋಗ, ಮತ್ತೆ ನುಂಗಿದ್ಯಲ್ಲ" ಎನ್ನುತ್ತಿದ್ದರು.

ನನ್ನನ್ನು ಕಂಡು ನಾಚಿಕೊಂಡರು. "ಒಂದ್ನಿಮಿಷ ಕೂತ್ಕೊಳಿ ಸಾರ್. ಇದು ಬೆಳಗ್ಗೆಯಿಂದ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಲ್ಲ ಅಂತ ಹಟ ಹಿಡಿದಿದೆ."

"ಏನಾಯಿತು?"

"ಆಂಟಿವೈರಸ್ ಅಪ್‌ಡೇಟ್ ಆಯ್ತು, ಕನ್ನಡದ ಸಾಫ್ಟ್‌ವೇರ್ ಹೋಯ್ತು. ಹಳೇದಲ್ವಾ ಸಾರ್ ಅದು. ನಾವು ಕೀ ಒತ್ತಿದ್ದನ್ನ ಮಧ್ಯದಲ್ಲಿ ಹಿಡ್ಕೊಂಡು ಕನ್ನಡ ಮಾಡಿ ಕೊಡತ್ತೆ. ಅದನ್ನ ನೋಡಿ ಆಂಟಿವೈರಸ್‌ಗೆ ಯಾರೋ ಕಳ್ಳ ಅನ್ಸತ್ತೆ. ಹಿಡಿದು ಒಳಗೆ ಹಾಕತ್ತೆ."

"ಹಾಗಾದರೆ ಏನು ಮಾಡುತ್ತೀರಿ?"

"ಎಲ್ರೂ ಮಾಡೋದನ್ನೇ. ಪೊಲೀಸಿಗೆ ಸ್ವಲ್ಪ ಹೊತ್ತು ರಜಾ ಕೊಡ್ತೀನಿ."

ಕನ್ನಡ ಟೈಪ್ ಮಾಡುವ ಅನೇಕರು ಹೀಗೆಯೇ ಆಂಟಿವೈರಸ್ ನಿಲ್ಲಿಸಿಡುತ್ತಾರೆಂದು ಅವರಿಂದಲೇ ತಿಳಿದೆ. ಅಂದು ನಾವಿಬ್ಬರೂ ನಕ್ಕೆವು.

ಅವರು ರಾಣೆಬೆನ್ನೂರಿನ ಕಡೆಯವರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ರಾಜಾಜಿನಗರದ ಅಕ್ಕನ ಮನೆಗೆ ಬಂದು, ಅಲ್ಲಿಯೇ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ್ದರು. ಹದಿಮೂರು ವರ್ಷ ನಿಂತುಕೊಂಡೇ ದುಡಿದ ಕಾಲುಗಳಲ್ಲಿ ನರಗಳು ಗಂಟು ಕಟ್ಟಿದ್ದವು. ಮುದ್ರಣಾಲಯ ಮುಚ್ಚಿದ ಮೇಲೆ ಕಂಪ್ಯೂಟರ್ ಕಲಿತರು. ಮದುವೆಯಾಗಿರಲಿಲ್ಲ, ಆ ಮಾತನ್ನು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮೊಳೆ ಜೋಡಿಸಿದವರಿಗೆ ಒಂದು ಅಭ್ಯಾಸವಿರುತ್ತದೆ. ಒಂದು ವಾಕ್ಯವನ್ನು ಒಮ್ಮೆ ಓದಿ, ಇಡೀ ವಾಕ್ಯವನ್ನು ಮನಸ್ಸಿನಲ್ಲಿ ಹಿಡಿದುಕೊಂಡು, ಆಮೇಲೆ ಕೈ ಆಡಿಸುತ್ತಾರೆ. ಜಯದೇವಿಯವರಲ್ಲಿ ಆ ಶಕ್ತಿ ಎಷ್ಟಿತ್ತೆಂದರೆ, ಸಂಚಿಕೆಯ ಕೆಲಸ ಮುಗಿದು ಆರು ತಿಂಗಳಾದ ಮೇಲೂ ನನ್ನ ಸಂಪಾದಕೀಯದ ಮೊದಲ ಪ್ಯಾರಾವನ್ನು ಬಾಯಲ್ಲಿ ಹೇಳಿ ತೋರಿಸಿದ್ದರು.

ನನಗೆ ಹಳೆಯ ಪರಿಚಯವಿದ್ದ ಶಿವಬಸಪ್ಪನವರನ್ನು ಜಯದೇವಿಯವರ ಬಳಿಗೆ ಕರೆದುಕೊಂಡು ಹೋದವನು ನಾನೇ. ಎರಡು ಸಾವಿರದ ಇಪ್ಪತ್ತೊಂದರ ದೀಪಾವಳಿ ಕಳೆದಿತ್ತು. ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿ ನಿವೃತ್ತರಾಗಿದ್ದ ಅವರಿಗೆ ಆಗ ಎಂಬತ್ತೊಂದು ವರ್ಷ. ಮಹಾಲಕ್ಷ್ಮಿ ಲೇಔಟಿನಲ್ಲಿ ಮಗನ ಮನೆ. ಕಣ್ಣಿನೊಳಗಿನ ಒತ್ತಡದ ಕಾಯಿಲೆಯಿಂದ ದೃಷ್ಟಿ ಪೂರ್ತಿ ಹೋಗಿತ್ತು. ಹರೆಯದಲ್ಲಿ ಅಳತೆಯ ಸರಪಳಿ ಹಿಡಿದು ಅವರು ನಡೆದ ಹೊಲಗದ್ದೆಗಳ ಮೇಲೆಯೇ ಈಗಿನ ನಮ್ಮ ಬಡಾವಣೆಗಳು ನಿಂತಿವೆ. ಶ್ರೀಗಂಧದ ಕಾವಲ್‌ನಿಂದ ಕೆಂಗೇರಿಯವರೆಗೆ ಯಾವ ರಸ್ತೆಯ ಕೆಳಗೆ ಯಾವ ಕಾಲುವೆ ಹರಿಯುತ್ತಿತ್ತು, ಯಾವ ಪಾರ್ಕಿನ ಜಾಗದಲ್ಲಿ ಯಾರ ಕಣವಿತ್ತು, ಯಾವ ಕಲ್ಯಾಣ ಮಂಟಪ ಯಾರ ಗೋರಿಗಳ ಮೇಲೆ ಎದ್ದಿದೆ ಎಂಬುದೆಲ್ಲ ಅವರ ತಲೆಯಲ್ಲಿತ್ತು. ಬೇರೆಲ್ಲಿಯೂ ಇರಲಿಲ್ಲ. ಅದನ್ನು ಬರೆಸಬೇಕೆಂಬುದೊಂದೇ ಅವರ ಆಸೆ.

ಪ್ರತಿದಿನ ಹತ್ತು ಗಂಟೆಗೆ ಮಗ ಗಿರಿರಾಜ್ ಅವರನ್ನು ಆಟೋ ಹತ್ತಿಸುತ್ತಿದ್ದ. ಅವರು ಬಂದು ಬೆತ್ತದ ಕುರ್ಚಿಯಲ್ಲಿ ಕುಳಿತು, "ಬರ್ಕೋ ತಂಗಿ" ಎನ್ನುತ್ತಿದ್ದರು. ಜಯದೇವಿಯವರು ಟೈಪ್ ಮಾಡುತ್ತಿದ್ದರು. ಕೈಬರಹವೆಂಬುದು ಇರಲೇ ಇಲ್ಲ. ಬಾಯಿಂದ ಹೊರಟದ್ದು ನೇರವಾಗಿ ಯಂತ್ರದೊಳಗೆ ಹೋಗುತ್ತಿತ್ತು.

ಆ ಯಂತ್ರ ಬಹಳ ನಿಧಾನ. ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಆಂಟಿವೈರಸ್ ತನ್ನ ಅಪ್‌ಡೇಟ್ ಶುರು ಮಾಡುತ್ತಿತ್ತು. ನೂರಕ್ಕೆ ನಲವತ್ತು ಆಗುವಷ್ಟರಲ್ಲಿ ನಿಂತುಬಿಡುತ್ತಿತ್ತು. ಆಮೇಲೆ ಮೌಸ್ ಅಲ್ಲಾಡುತ್ತಿರಲಿಲ್ಲ, ಅಕ್ಷರ ಮೂಡುತ್ತಿರಲಿಲ್ಲ. ಹಾಗೆ ನಿಂತಾಗಲೆಲ್ಲ ಮುದುಕರ ಮಾತಿನ ಎಳೆ ಕಡಿದುಹೋಗುತ್ತಿತ್ತು.

"ಎಲ್ಲಿದ್ದೆ ತಂಗಿ ನಾನು?"

"ಕೆರೆ ಕೋಡಿ ಹತ್ರ ಇದ್ರಿ ಅಜ್ಜಾರೆ."

"ಯಾವ ಕೆರೆ?"

ಜಯದೇವಿಯವರು ಹೇಳುತ್ತಿದ್ದರು. ಅವರು ತಲೆಯಾಡಿಸುತ್ತಿದ್ದರು. ಆದರೆ ಆ ವಾಕ್ಯ ಮತ್ತೆ ಬರುತ್ತಿರಲಿಲ್ಲ. ಅವರ ನೆನಪು ಸವೆಯುತ್ತಿದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅದು ಮುಗಿಯುವುದರೊಳಗೆ ಪುಸ್ತಕ ಮುಗಿಯಬೇಕಾಗಿತ್ತು.

ಕೊನೆಗೆ ಒಂದು ದಿನ ಜಯದೇವಿಯವರು ಫಕೀರೇಶನನ್ನು ಕರೆಸಿದರು. ಗದಗದ ಕಡೆಯಿಂದ ಬಂದು ಕೆಂಗೇರಿಯಲ್ಲಿ ಸಂಸಾರ ಹೂಡಿದ್ದ ನಲವತ್ತರ ಆಸುಪಾಸಿನ ಮನುಷ್ಯ. ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ಕಂಪ್ಯೂಟರ್ ಸರಿಮಾಡುವುದು ಅವನ ಕೆಲಸ. ಸ್ವಲ್ಪ ಹೊತ್ತು ನೋಡಿ ನಕ್ಕ.

"ಅಕ್ಕಾರ, ಇದರಾಗ ಎರಡು ಆಂಟಿವೈರಸ್ ಅದಾವು. ಹಳೇದನ್ನ ತೆಗೀಲಾರದ ಹೊಸಾದು ಹಾಕೀರಿ. ಒಂದ ಮನ್ಯಾಗ ಇಬ್ಬರು ವಾಚ್‌ಮನ್ ಇಟ್ಟಂಗ ಆತು. ಕಳ್ಳನ್ನ ಬಿಟ್ಟು ಒಬ್ಬರಿಗೊಬ್ಬರು ಹಿಡಕೊಂಡು ಕುಂತಾರ."

ಹಳೆಯದನ್ನು ತೆಗೆದ. ಅರ್ಧಕ್ಕೆ ಇಳಿದು ನಿಂತಿದ್ದ ಕಡತಗಳನ್ನು ಅಳಿಸಿದ. ಡಿಸ್ಕಿನಲ್ಲಿ ಜಾಗವಿಲ್ಲವೆಂದು ಹಳೆಯ ಲಗ್ನಪತ್ರಿಕೆಗಳ ಫೋಟೋಗಳನ್ನು ಖಾಲಿ ಮಾಡಿಸಿದ. ಯಂತ್ರದ ಗಡಿಯಾರ ಮೂರು ವರ್ಷ ಹಿಂದೆ ಉಳಿದಿತ್ತು. ಒಳಗಿನ ಗುಂಡಿಯಂಥ ಬ್ಯಾಟರಿ ಬದಲಿಸಿ ತಾರೀಖು ತಿದ್ದಿದ. "ತಾರೀಕ ಸುಳ್ಳು ಇದ್ರ ಅಪ್‌ಡೇಟ್ ಹ್ಯಾಂಗ ಬರತೈತ್ರೀ" ಎಂದ. ಅಪ್‌ಡೇಟಿನ ಸಮಯವನ್ನು ಮಧ್ಯಾಹ್ನ ಒಂದು ಗಂಟೆಗೆ, ಅವರು ಊಟಕ್ಕೆ ಏಳುವ ಹೊತ್ತಿಗೆ ಇಟ್ಟ. ಯಂತ್ರ ಹಗುರವಾಯಿತು. ಅಲ್ಲಿಂದ ಮುಂದೆ ಕೆಲವು ದಿನ ಎರಡು ಪುಟವೂ ಸಾಗುತ್ತಿತ್ತು, ನೆನಪು ಮಂಕಾದ ದಿನ ನಾಲ್ಕೇ ಸಾಲು.

ಒಂದು ವರ್ಷಕ್ಕೂ ಹೆಚ್ಚು ಕಾಲ ಏನೂ ತೊಂದರೆಯಾಗಲಿಲ್ಲ. ಇಪ್ಪತ್ತಮೂರರ ಸೆಪ್ಟೆಂಬರಿನಲ್ಲಿ ಯಾವುದೋ ದೊಡ್ಡ ಅಪ್‌ಡೇಟ್ ಬಂದು ಕನ್ನಡವನ್ನು ಮತ್ತೆ ನುಂಗಿತು. ಶಿವಬಸಪ್ಪನವರು ಆಗತಾನೇ ಬಂದು ಕುಳಿತಿದ್ದರು. ಫೋನ್ ಮಾಡಿದರೆ ಫಕೀರೇಶ, "ಇವತ್ತಿಗೆ ಆಫ್ ಮಾಡ್ರಿ ಅಕ್ಕಾರ. ಶನಿವಾರ ಬಂದು, ಕನ್ನಡದ ಫೋಲ್ಡರ್ ಮುಟ್ಟಬ್ಯಾಡ ಅಂತ ಅದಕ್ಕ ಹೇಳಿಕೊಡ್ತೀನಿ" ಎಂದ. ಹೇಳಿದಂತೆ ಶನಿವಾರ ಬಂದ. ಅಂದು ಪ್ರೂಫ್ ತರಲೆಂದು ನಾನೂ ಅಲ್ಲಿಯೇ ಇದ್ದೆ. ಶಿವಬಸಪ್ಪನವರು ಎಂದೂ ಇಲ್ಲದಷ್ಟು ಸರಾಗವಾಗಿ, ಬಡಾವಣೆಯೊಳಗೆ ಮುಳುಗಿಹೋದ ಒಂದು ಹಳ್ಳಿಯ ಮನೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಹೇಳುತ್ತಿದ್ದರು. ಜಯದೇವಿಯವರು ಬಾಗಿಲಿಗೆ ಬಂದು ದನಿ ತಗ್ಗಿಸಿ ಹೇಳಿದರು:

"ಇವತ್ತು ಬೇಡ ಫಕೀರೇಶ. ಅಜ್ಜಾರು ಈಗ ಚೆನ್ನಾಗಿ ಹೇಳ್ತಾ ಇದಾರೆ. ಅರ್ಧ ಗಂಟೆ ನಿಲ್ಸಿದ್ರೆ ಹೋಯ್ತು."

"ಹತ್ತೇ ನಿಮಿಷದ ಕೆಲಸ್ರೀ."

"ಮುಂದಿನ ವಾರ ಬನ್ನಿ" ಎಂದೆ ನಾನು.

ಮುಂದಿನ ವಾರವೂ ಅವರು ಚೆನ್ನಾಗಿಯೇ ಹೇಳುತ್ತಿದ್ದರು. ಆಂಟಿವೈರಸ್ ಐದು ತಿಂಗಳು ಹಾಗೆಯೇ ನಿಂತಿತು. ಪರದೆಯ ಮೂಲೆಯಲ್ಲಿ ಕೆಂಪು ಎಚ್ಚರಿಕೆ ಮತ್ತೆ ಮತ್ತೆ ಏಳುತ್ತಿತ್ತು. ಕಣ್ಣಿಗೆ ಚುಚ್ಚಬಾರದೆಂದು ಜಯದೇವಿಯವರು ಅಲ್ಲಿಗೊಂದು ಬಿಳಿಯ ಚೀಟಿ ಅಂಟಿಸಿದ್ದರು.

ಇಪ್ಪತ್ತನಾಲ್ಕರ ಫೆಬ್ರವರಿಯಲ್ಲಿ ಯಾರೋ ಗೃಹಪ್ರವೇಶದ ಆಮಂತ್ರಣ ಮಾಡಿಸಲು ಪೆನ್‌ಡ್ರೈವ್ ತಂದುಕೊಟ್ಟರು. ಅದರಲ್ಲಿದ್ದ ಒಂದು ಕಡತವನ್ನು ತೆರೆದಾಗ ಏನೂ ಕಾಣಿಸಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಪ್ರತಿಯೊಂದು ಕಡತದ ಹೆಸರಿನ ಹಿಂದೆಯೂ ಅರ್ಥವಿಲ್ಲದ ನಾಲ್ಕು ಇಂಗ್ಲಿಷ್ ಅಕ್ಷರಗಳು. ಯಾವುದೂ ತೆರೆಯಲಿಲ್ಲ. ಎಲ್ಲಕ್ಕೂ ಬೀಗ ಹಾಕಿದ್ದೇವೆ, ಡಾಲರ್ ಕಳಿಸಿದರೆ ಬೀಗದ ಕೈ ಕೊಡುತ್ತೇವೆ ಎಂಬ ಒಂದು ಪತ್ರ ಮಾತ್ರ ತೆರೆಯಿತು.

ಫಕೀರೇಶ ಓಡಿಬಂದ. "ಹಣ ಕಳಸಬ್ಯಾಡ್ರಿ. ಕೊಟ್ಟವರಿಗೂ ಎಷ್ಟೋ ಮಂದಿಗೆ ವಾಪಸ್ ಸಿಕ್ಕಿಲ್ಲ. ಬ್ಯಾರೆ ಹಾರ್ಡ್ ಡಿಸ್ಕಿನಾಗ ಕಾಪಿ ಇಟ್ಟೀರಲ್ಲ?"

"ಇಟ್ಟಿದೀನಿ" ಎಂದು ಜಯದೇವಿಯವರು ಯಂತ್ರದ ಹಿಂಬದಿಗೆ ಕೈತೋರಿಸಿದರು. ಮರೆಯಬಾರದೆಂದು ಆ ಡಿಸ್ಕನ್ನು ಅವರು ಯಾವಾಗಲೂ ಯಂತ್ರಕ್ಕೆ ಜೋಡಿಸಿಯೇ ಇಡುತ್ತಿದ್ದರು. ಅದರೊಳಗಿನವಕ್ಕೂ ಅದೇ ನಾಲ್ಕು ಅಕ್ಷರ ಅಂಟಿತ್ತು. ಫಕೀರೇಶ ನೆಲದ ಮೇಲೆ ಕುಳಿತುಬಿಟ್ಟ.

ಪುಸ್ತಕ ನಾನೂರ ಹದಿನೆಂಟನೆಯ ಪುಟಕ್ಕೆ ಬಂದಿತ್ತು. ನನ್ನ ಬಳಿ ಇದ್ದದ್ದು ಪ್ರೂಫ್ ತಿದ್ದಲು ತಂದಿದ್ದ ಮೊದಲ ಅರವತ್ತೆರಡು ಪುಟ. ಉಳಿದದ್ದನ್ನು ಮುದ್ರಿಸಿರಲೇ ಇಲ್ಲ. ಓದಲು ಕಣ್ಣಿಲ್ಲದವರಿಗೆ ಕಾಗದವೇಕೆ ಎಂದು ಶಿವಬಸಪ್ಪನವರೇ ಬೇಡವೆಂದಿದ್ದರು.

ಆಮೇಲೆ ಜಯದೇವಿಯವರು ಮಾಡಿದ್ದನ್ನು ನಾನು ತಪ್ಪೆಂದು ಹೇಳಲಾರೆ. ನಡೆದದ್ದನ್ನು ಅವರು ಮುದುಕರಿಗೆ ಹೇಳಲಿಲ್ಲ. ಶಿವಬಸಪ್ಪನವರು ಎಂದಿನಂತೆ ಬಂದರು, ಕುಳಿತರು, "ಬರ್ಕೋ ತಂಗಿ" ಎಂದರು. ಫಕೀರೇಶ ತಂದುಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಅವರು ಟೈಪ್ ಮಾಡಿದರು. ಹೋಗುವಾಗ ಮುದುಕರು ಎಂದಿನಂತೆ ಕೇಳಿದರು.

"ಎಷ್ಟಾತು?"

"ನಾನೂರ ಇಪ್ಪತ್ತು ಅಜ್ಜಾರೆ."

ಹೀಗೆ ಆರು ದಿನ. ಏಳನೆಯ ದಿನ ನಾನು ಬರಬೇಕೆಂದು ಜಯದೇವಿಯವರು ಫೋನಿನಲ್ಲಿ ಬೇಡಿಕೊಂಡರು. ಇನ್ನು ತಡೆಯಲಾಗುವುದಿಲ್ಲ, ಹೇಳಿಬಿಡುತ್ತೇನೆ, ಪಕ್ಕದಲ್ಲಿ ಇರಿ ಎಂದರು. ನಾನು ಹೋಗಿ ಕುಳಿತೆ. ಅವರು ಬಾಯಿ ತೆರೆಯುವ ಮೊದಲೇ ಶಿವಬಸಪ್ಪನವರು, "ಮೇಷ್ಟ್ರೂ ಬಂದಾರೆ, ಚಲೋ ಆತು. ಆ ಹುಣಸೆ ತೋಪಿನ ಅಧ್ಯಾಯ ಓದು ತಂಗಿ, ಅವರೂ ಕೇಳಲಿ" ಎಂದರು.

ಜಯದೇವಿಯವರು ನನ್ನತ್ತ ನೋಡಿದರು. ಆಮೇಲೆ ಬರಿದಾದ ಪರದೆಯ ಕಡೆಗೆ ತಿರುಗಿ ಓದತೊಡಗಿದರು. ನೆನಪಿನಿಂದ. ಮೊದಲ ಪ್ಯಾರಾ ತಡೆಯಿಲ್ಲದೆ ಬಂತು, ಎರಡನೆಯದೂ ಬಂತು. ಮೂರನೆಯದರ ನಡುವೆ ಮುದುಕರು ಕೈಯೆತ್ತಿದರು.

"ಇದು ನಾ ಹೇಳಿದ್ದಲ್ಲ."

"ಅಜ್ಜಾರೆ..."

"ವಿಷಯ ನಂದೇ ಐತಿ. ಮಾತು ನಂದಲ್ಲ. ನೀನು ಓದಾಕತ್ತಿಲ್ಲ. ಏನಾಗೇತಿ ಹೇಳು."

ಜಯದೇವಿಯವರು ಕುರ್ಚಿಯ ಬುಡದಲ್ಲಿ ಕುಳಿತು ಎಲ್ಲವನ್ನೂ ಹೇಳಿದರು. ಬೆಂಗಳೂರಿನ ಮಾತು ಬಿಟ್ಟುಹೋಗಿ ಊರಿನ ಮಾತು ಬಂದಿತ್ತು. "ನಾನ ಆಫ್ ಮಾಡಿ ಇಟ್ಟೆ. ನಿಮ್ಮ ಮಾತು ನಿಲ್ಲಬಾರದು ಅಂತ ಇಟ್ಟೆ. ನನ್ನ ಕೈ ಮುರೀಲಿ" ಎಂದರು.

ಶಿವಬಸಪ್ಪನವರು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಮತ್ತೆ ಎರಡು ವರ್ಷ ನನ್ನ ಹತ್ರ ಇಲ್ಲಲ್ಲ ತಂಗಿ" ಎಂದರು, ಅಷ್ಟೇ. ಕೋಲಿಗಾಗಿ ತಡಕಾಡಿದರು. ನಾನು ಕೈಗೆ ಕೊಟ್ಟೆ.

ಮರುದಿನವೂ ಬಂದರು. ಅರವತ್ತಮೂರನೆಯ ಪುಟದಿಂದ ಶುರು ಮಾಡು ಎಂದರು. ಒಂಬತ್ತು ದಿನ ನಡೆಯಿತು. ಆದರೆ ಒಮ್ಮೆ ಹೇಳಿ ಮುಗಿಸಿದ್ದನ್ನು ಅವರ ಮನಸ್ಸು ಇಳಿಸಿಬಿಟ್ಟಿತ್ತು. ಎರಡು ಕೆರೆಗಳು ಒಂದಾದವು, ಸತ್ತವರ ಹೆಸರು ಬದುಕಿರುವವರಿಗೆ ಹೋಯಿತು. ಜಯದೇವಿಯವರಿಗೆ ಸರಿಯಾದದ್ದು ನೆನಪಿರುತ್ತಿತ್ತು. "ಅದು ಮೂಡಲ ಕಡೆ ಅಂತ ಹೇಳಿದ್ರಿ ಅಜ್ಜಾರೆ" ಎನ್ನುತ್ತಿದ್ದರು. "ಹೌದಾ? ಹಂಗಾರೆ ಹಂಗೇ ಬರಿ" ಎಂದು ಅವರು ಸುಮ್ಮನಾಗುತ್ತಿದ್ದರು. ಹತ್ತನೆಯ ದಿನ ಆಟೋ ಬರಲಿಲ್ಲ. ಆ ವರ್ಷದ ಶ್ರಾವಣದಲ್ಲಿ ಅವರು ಲಿಂಗೈಕ್ಯರಾದರು.

ಶಿವಗಣಾರಾಧನೆಗೆ ಎರಡು ದಿನ ಮೊದಲು ಗಿರಿರಾಜ್ ಜಯದೇವಿಯವರ ಮನೆಗೆ ಬಂದ. "ಆಂಟಿ, ಅಪ್ಪ ಬರೆಸಿದ್ದನ್ನ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಡಿ. ಪ್ರಿಂಟ್ ಹಾಕ್ಸಿ ಬಂದವರಿಗೆಲ್ಲ ಕೊಡೋಣ ಅಂತಿದೀವಿ" ಎಂದು ಕೇಳಿದ. ಅಪ್ಪ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಜಯದೇವಿಯವರು ಎರಡನೆಯ ಬಾರಿ ಅದೇ ಕಥೆಯನ್ನು ಹೇಳಬೇಕಾಯಿತು. ಅವನು ಎಲ್ಲ ಕೇಳಿ, ನನ್ನ ಮನೆಗೆ ಬಂದು, ನನ್ನ ಕೆಂಪು ಶಾಯಿಯ ಗುರುತುಗಳಿದ್ದ ಆ ಅರವತ್ತೆರಡು ಹಾಳೆಗಳನ್ನು ತೆಗೆದುಕೊಂಡು ಹೋದ. ಆರಾಧನೆಯ ಊಟಕ್ಕೆ ನನ್ನನ್ನು ಕರೆದರು. ಜಯದೇವಿಯವರನ್ನು ಕರೆಯಲಿಲ್ಲ.

ಅವರು ಟೈಪಿಂಗ್ ಕೆಲಸ ಬಿಟ್ಟು, ಮನೆಯ ಮುಂದಿನ ಫಲಕ ಇಳಿಸಿದರು. ನೆನಪಿದ್ದಷ್ಟನ್ನು ನೀವೇ ಬರೆಯಿರಿ ಎಂದು ನಾನು ಎರಡು ಮೂರು ಸಲ ಹೇಳಿದೆ. "ಅದು ನನ್ನ ಮಾತಾಗತ್ತೆ ಮೇಷ್ಟ್ರೇ. ಅವತ್ತೇ ಕಿವಿಗೆ ಗೊತ್ತಾಯ್ತಲ್ಲ ಅವರಿಗೆ" ಎಂದರು. ಆಮೇಲೆ ನಾನು ಆ ಮಾತನ್ನು ಎತ್ತಲಿಲ್ಲ.

ಈಗ ಅವರಿಗೆ ಐವತ್ತೆಂಟು ವರ್ಷ. ವಿಜಯನಗರದ ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ಬಂದವರ ಹೆಸರು, ವಯಸ್ಸು ನಮೂದಿಸುವ ಕೆಲಸ. ಎಲ್ಲವೂ ಇಂಗ್ಲಿಷಿನಲ್ಲಿಯೇ. ಬೀಗ ಬಿದ್ದ ಆ ಡಿಸ್ಕನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಾರೆ. ಕೆಲವು ಬೀಗಗಳ ಕೈಗಳನ್ನು ಎಷ್ಟೋ ವರ್ಷಗಳಾದ ಮೇಲೆ ಯಾರಾದರೂ ಕಂಡುಹಿಡಿದು ಎಲ್ಲರಿಗೂ ಹಂಚುವುದುಂಟು, ಅದನ್ನು ಎಸೆಯಬೇಡಿ ಎಂದು ಫಕೀರೇಶ ಹೇಳಿದ್ದಾನೆ. ಹೊಸದಾಗಿ ಸಿಕ್ಕ ಬೀಗದ ಕೈಗಳ ಪಟ್ಟಿಯನ್ನು ಅವನು ನೋಡುತ್ತಿರುತ್ತಾನೆ. ಪ್ರತಿ ತಿಂಗಳ ಮೊದಲ ಸೋಮವಾರ ಜಯದೇವಿಯವರು ಊಟದ ಬಿಡುವಿನಲ್ಲಿ ಮೆಟ್ಟಿಲ ಬಳಿ ನಿಂತು ಅವನಿಗೆ ಫೋನ್ ಮಾಡುತ್ತಾರೆ. ಹೋದ ಸೋಮವಾರ ನಾನು ಸಕ್ಕರೆಯ ಪರೀಕ್ಷೆಗೆ ಹೋಗಿದ್ದಾಗಲೂ ಮಾಡುತ್ತಿದ್ದರು.

"ಬಂತಾ ಫಕೀರೇಶ?" ಎಂದರು. ಆ ಕಡೆಯ ಉತ್ತರ ಕೇಳಿಸಿಕೊಂಡು, "ಆಯ್ತು. ಮಕ್ಕಳು ಹುಷಾರಾ?" ಎಂದು ವಿಚಾರಿಸಿ, ಫೋನಿಟ್ಟು, ಒಳಗೆ ಬಂದು ನನ್ನ ಹೆಸರನ್ನು ನಮೂದಿಸಿಕೊಂಡರು.