ಮುನಿತಾಯಮ್ಮ ಮೊದಲು ಉಂಡ ದಿನ

ಮಲ್ಲತ್ತಹಳ್ಳಿ ಕೆರೆಯ ಆಚೆ, ರಾಗಿ ಹೊಲಗಳ ನಡುವೆ, ಕಲ್ಲಿನ ಕಾಂಟ್ರಾಕ್ಟರ್ ತಿಮ್ಮಯ್ಯನವರು ಕಟ್ಟಿಸಿದ ಎರಡಂತಸ್ತಿನ ದೊಡ್ಡ ಮನೆಯೊಂದಿತ್ತು. ಕೂಗಿದರೆ ಓಗೊಡುವಷ್ಟು ದೂರದಲ್ಲಿ ಇನ್ನೊಂದು ಮನೆ ಇರಲಿಲ್ಲವಾದ್ದರಿಂದ ಸುತ್ತಲಿನ ಜನ ಅದನ್ನು ಒಂಟಿಮನೆ ಎಂದೇ ಕರೆಯುತ್ತಿದ್ದರು. ಈಗ ಅಲ್ಲಿ ನಿಂತರೆ ಬಸ್ಸುಗಳ ಸದ್ದಿನಲ್ಲಿ ನಮ್ಮ ಮಾತು ನಮಗೇ ಕೇಳಿಸುವುದಿಲ್ಲ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಸಂಗತಿ. ಆಗ ವಿಜಯನಗರ ದಾಟಿದರೆ ಹೊಲ, ತೋಪು, ಸಂಜೆಯಾದರೆ ನರಿಯ ಕೂಗು.

ಆ ಮನೆಯ ಒಲೆಯ ಮುಂದೆ ಆಯುಷ್ಯ ಕಳೆದವರು ತಿಮ್ಮಯ್ಯನವರ ತಂಗಿ ಮುನಿತಾಯಮ್ಮನವರು. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದರು. ಸ್ವಲ್ಪ ಕಾಲಕ್ಕೆ ಅತ್ತಿಗೆಯೂ ತೀರಿಕೊಂಡು, ಕೃಷ್ಣಪ್ಪ, ವೆಂಕಟೇಶ, ಜಯದೇವಿ ಎಂಬ ಮೂರು ಎಳೆಯ ಮಕ್ಕಳು ಈ ಸೋದರತ್ತೆಯ ಮಡಿಲಿಗೆ ಬಿದ್ದರು. ಮೂವರೂ ನಾನು ಮೇಷ್ಟ್ರಾಗಿದ್ದ ಶಾಲೆಯಲ್ಲಿ ಅಕ್ಷರ ಕಲಿತವರು.

ಮುನಿತಾಯಮ್ಮನವರದು ಒಂದು ವ್ರತ. ಮಕ್ಕಳು ಉಂಡು ಕೈತೊಳೆಯುವವರೆಗೆ ಅವರು ಒಂದು ತುತ್ತನ್ನೂ ಬಾಯಿಗಿಡುತ್ತಿರಲಿಲ್ಲ. ಒಮ್ಮೆ ವೆಂಕಟೇಶ ಯಾವುದೋ ಸಿಟ್ಟಿಗೆ ಹುಲ್ಲಿನ ಮೆದೆಯಲ್ಲಿ ಅಡಗಿ ಕುಳಿತ. ಊರೆಲ್ಲ ಹುಡುಕಿದರು. ಮುನಿತಾಯಮ್ಮನವರು ಮಾತ್ರ ಮೆದೆಯ ಬಳಿಯೇ ನಿಂತು, "ಬರದಿದ್ರೆ ಬುಡು ಮಗಾ, ನಂಗೂ ಬೆಳಿಗ್ಗೆಯಿಂದ ಹಸಿವು" ಎಂದರು. ಹುಲ್ಲಿನೊಳಗಿಂದ ಮೊದಲು ಒಂದು ಕೈ ಬಂತು, ಆಮೇಲೆ ಹುಡುಗ ಬಂದ.

ಮಕ್ಕಳು ದೊಡ್ಡವರಾದರು. ಕೃಷ್ಣಪ್ಪ ಜಮೀನು ನೋಡಿಕೊಂಡು ಮನೆಯಲ್ಲಿಯೇ ಉಳಿದ. ವೆಂಕಟೇಶ ರಾಜಾಜಿನಗರದ ಕಾರ್ಖಾನೆ ಸೇರಿದ. ಜಯದೇವಿಯನ್ನು ಕೆಂಗೇರಿಗೆ ಕೊಟ್ಟರು. ತಿಮ್ಮಯ್ಯನವರು ಕೊನೆಗಾಲದಲ್ಲಿ ಮೂವರನ್ನೂ ಹಾಸಿಗೆಯ ಬಳಿ ಕರೆದು, "ನಾನು ಹೋದ ಮೇಲೆ ಬರೋ ಮೊದಲ್ನೇ ಹಿರಿಯರ ಹಬ್ಬದ ದಿನ, ನನಗಿಕ್ಕಿದ ಎಡೇನ ಈ ಮನೇಲಿ ಒಂದೇ ಸಾಲಲ್ಲಿ ಕೂತು ಯಾರು ಉಣ್ತೀರೋ ಅವರಿಗೆ ಮನೆ, ಜಮೀನು ಸಮಪಾಲು. ಉಣ್ಣದವರಿಗೆ ಏನೂ ಇಲ್ಲ" ಎಂದರು. ಮಕ್ಕಳು ಒಟ್ಟಿಗೆ ಕೂರಲಿ ಎಂಬುದು ಅವರ ಆಸೆ. ಕಾಗದವಿಲ್ಲದ ಮಾತು; ಆದರೆ ಆ ಮನೆಯಲ್ಲಿ ಹಿರಿಯರ ಮಾತನ್ನು ಮೀರಿದವರಿಲ್ಲ.

ಆದದ್ದು ಮಾತ್ರ ಬೇರೆ. ತಿಮ್ಮಯ್ಯನವರು ತೀರಿಕೊಂಡ ಮೇಲೆ, ಹೊಲಗಳಿಗೆ ಲೇಔಟ್ ಬಂದು ಬೆಲೆ ಏರುತ್ತದೆಂಬ ಸುದ್ದಿ ಹಬ್ಬಿತು. ಟೀ ಅಂಗಡಿಯಲ್ಲಿ ಯಾರೋ ಪುಣ್ಯಾತ್ಮರು, "ಮೂವರಲ್ಲಿ ಒಬ್ಬರು ಇಲ್ಲದೇ ಹೋದರೆ ಉಳಿದಿಬ್ಬರಿಗೆ ಅರ್ಧರ್ಧವಲ್ಲವೇ?" ಎಂದು ತಮಾಷೆ ಮಾಡಿದರು. ಆ ಮಾತು ಮೂವರ ತಲೆಯಲ್ಲೂ ಕೂತುಬಿಟ್ಟಿತು.

ವೆಂಕಟೇಶ ಅಂಗಳದಲ್ಲಿ ನಿಂತಿದ್ದಾಗ ಮೇಲಿನಿಂದ ಹೆಂಚೊಂದು ಬಂದು ಪಕ್ಕದಲ್ಲಿಯೇ ಚೂರಾಯಿತು. ತಲೆಯೆತ್ತಿ ನೋಡಿದರೆ ಮಹಡಿಯ ಮೇಲೆ ಅಣ್ಣ! ಜಯದೇವಿ ಕೆಂಗೇರಿಯಿಂದ ತಂದ ಮಜ್ಜಿಗೆ ಕುಡಿದ ಕೃಷ್ಣಪ್ಪನಿಗೆ ಸಂಜೆಯವರೆಗೆ ವಾಂತಿ. ತವರಿಗೆ ಬಂದಾಗ ಜಯದೇವಿ ಮಲಗುವ ಕೋಣೆಯಲ್ಲಿ ಹಾವು ಕಾಣಿಸಿತು. ಅದನ್ನು ಬಿಟ್ಟವರು ಅಣ್ಣಂದಿರಿಬ್ಬರೂ ಸೇರಿಯೇ ಎಂದು ಅವಳ ತೀರ್ಮಾನ. ಆಸ್ತಿಗಾಗಿ ತನ್ನ ಕೊಲೆಯಾಗುತ್ತದೆ ಎಂದು ಮೂವರೂ ನಂಬಿದರು. ಒಬ್ಬರೂ ಇನ್ನೊಬ್ಬರನ್ನು ಕೇಳಲಿಲ್ಲ.

ಹಬ್ಬಕ್ಕೆ ಮುಂಚೆ ಮುನಿತಾಯಮ್ಮನವರು ನಮ್ಮ ಮನೆಗೆ ಬಂದರು. ಸೆರಗಿನಿಂದ ಮುಖ ಒರೆಸಿಕೊಂಡು, "ಮೇಷ್ಟ್ರೇ, ಆವತ್ತು ನೀವು ಬರ್ಬೇಕು. ನಿಮ್ಮ ಮುಂದೆ ಮೂರೂ ಸುಮ್ನೆ ಕೂತ್ಕೋತವೆ. ಒಂದೇ ಸಾಲಲ್ಲಿ ಉಂಡುಬುಟ್ರೆ ನಂಗೆ ಇನ್ನೇನೂ ಬ್ಯಾಡ. ಇವು ಮುರಿದುಕೊಂಡು ಹೋದ್ರೆ ನಾನು ಯಾರ ಒಲೆ ಹಚ್ಚಲಿ?" ಎಂದರು. ನಾನು ಒಪ್ಪಿಕೊಂಡೆ.

ಹಬ್ಬದ ದಿನ ಮಧ್ಯಾಹ್ನ ಹೋದಾಗ ಜಗಲಿಯ ಮೇಲಿನ ನೋಟ ಕಂಡು ನಗು ತಡೆಯುವುದು ಕಷ್ಟವಾಯಿತು. ಜಯದೇವಿ ಮಡಿಲಲ್ಲಿ ಟಿಫಿನ್ ಕ್ಯಾರಿಯರ್ ಅವುಚಿಕೊಂಡು ಕುಳಿತಿದ್ದಳು. ವೆಂಕಟೇಶನ ಜೇಬಿನಿಂದ ಬೇಕರಿ ಬನ್ನು ಇಣುಕುತ್ತಿತ್ತು. ಕೃಷ್ಣಪ್ಪ ತಾನೇ ಕಿತ್ತ ಎಳನೀರನ್ನು ತಾನೇ ಕೊಚ್ಚಿಕೊಂಡು ಕುಡಿಯುತ್ತಿದ್ದ. ಒಳಗಿನಿಂದ ನಾಟಿಕೋಳಿ ಸಾರಿನ ಘಮ ಬರುತ್ತಿತ್ತು. ಮಾಂಸ ಮುಟ್ಟದ ನನಗೆಂದು ಬಾಳೆಹಣ್ಣು, ಹಾಲು ಪ್ರತ್ಯೇಕವಾಗಿ ಬಂದವು.

ಕೋಣೆಯಲ್ಲಿ ತಿಮ್ಮಯ್ಯನವರ ಫೋಟೋದ ಮುಂದೆ ಎಡೆಯಿಟ್ಟರು. ಹೊಸ ಪಂಚೆ, ಮುದ್ದೆ, ಸಾರು, ಕಜ್ಜಾಯ, ರಾಶಿ ಕಡಲೆಪುರಿ, ಒಂದು ಕಟ್ಟು ಬೀಡಿ. ಪಕ್ಕದಲ್ಲಿ ಅವರಿಗೆ ಪ್ರಿಯವಾದ ಬ್ರಾಂದಿ, ತುಂಬಿದ ಲೋಟದಲ್ಲಿ. ಸಾಂಬ್ರಾಣಿ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕಾದು ಕುಳಿತೆವು.

ಸ್ವಲ್ಪ ಹೊತ್ತಿನ ಮೇಲೆ ಹಿರಿಯ ಮಗನಾದ ಕೃಷ್ಣಪ್ಪ ಪದ್ಧತಿಯಂತೆ ಕೆಮ್ಮಿ ಬಾಗಿಲು ತೆರೆದ.

"ಅಪ್ಪ ಬಂದವ್ನೆ! ಲೋಟ ನೋಡ್ರೋ!"

ಲೋಟ ಬರಿದಾಗಿ ಅಡ್ಡ ಬಿದ್ದಿತ್ತು. ಬದುಕಿದ್ದಾಗ ತಿಮ್ಮಯ್ಯನವರು ಕುಡಿದಾದ ಮೇಲೆ ಲೋಟವನ್ನು ಹಾಗೆಯೇ ಉರುಳಿಸುತ್ತಿದ್ದರು. ಜಯದೇವಿ ಕ್ಯಾರಿಯರ್ ಕೆಳಗಿಟ್ಟು, "ಒಂದು ತೊಟ್ಟೂ ಬುಟ್ಟಿಲ್ಲ ನಮ್ಮಪ್ಪ" ಎಂದು ಸಂತೋಷದಿಂದ ಅತ್ತಳು. ಆ ಒಂದು ಕ್ಷಣ ಮೂವರೂ ಒಂದೇ ತಾಯಿಯ ಮಕ್ಕಳಾಗಿದ್ದರು.

ಅಷ್ಟರಲ್ಲಿ ವೆಂಕಟೇಶ ಫೋಟೋದ ಹಿಂದೆ ಬಗ್ಗಿ ನೋಡಿ, "ಅಯ್ಯೋ!" ಎಂದು ಹಿಂದಕ್ಕೆ ಹಾರಿದ.

ಮುನಿತಾಯಮ್ಮನವರು ಪ್ರೀತಿಯಿಂದ ಸಾಕಿದ ಹುಂಜ ಅಲ್ಲಿ ಅಂಗಾತ ಬಿದ್ದಿತ್ತು. ಊರಿನಲ್ಲೆಲ್ಲ ಎದೆಯುಬ್ಬಿಸಿ ತಿರುಗುವ ಆ ಪ್ರಾಣಿಗೆ ಪಟೇಲ ಎಂದು ಹೆಸರಿಟ್ಟಿದ್ದರು. ಕಿಟಕಿಯಿಂದ ನುಗ್ಗಿರಬೇಕು. ಎರಡೂ ಕಾಲು ಮೇಲಕ್ಕೆ, ಕಣ್ಣು ಮುಚ್ಚಿದೆ, ಕೊಕ್ಕಿನ ತುದಿಯಲ್ಲಿ ಒಂದು ಕಡಲೆಪುರಿ.

"ಎಡೇಲಿ ವಿಷ!" ಎಂದ ಕೃಷ್ಣಪ್ಪ.

"ಹಾಕ್ದೋನಿಗೆ ಬೇಗ ಗೊತ್ತಾಯ್ತು ನೋಡು" ಎಂದ ವೆಂಕಟೇಶ. "ಹೆಂಚು ತಪ್ಪಿತು, ಈಗ ಪುರಿ."

"ಹಾವು ಬಿಟ್ಟೋರು ನೀವು! ಇಬ್ರೂ ಕಳ್ಳರೇ!" ಎಂದು ಜಯದೇವಿ ಕ್ಯಾರಿಯರ್ ಮತ್ತೆ ಎತ್ತಿಕೊಂಡಳು.

"ನೀನು ತಂದ ಮಜ್ಜಿಗೆ ಏನು ಅಮೃತವೇನಮ್ಮಾ?" ಎಂದ ಕೃಷ್ಣಪ್ಪ.

ಕೊನೆಗೆ ವೆಂಕಟೇಶ ತಡೆದು ತಡೆದು, "ಅಡುಗೆ ಮಾಡಿದ್ದು... ಅತ್ತೆ ಅಲ್ವಾ?" ಎಂದ.

ಅವನಿಗೇ ತನ್ನ ಮಾತು ಕೇಳಿಸಿ ಮುಖ ಕಪ್ಪಿಟ್ಟಿತು. ಆದರೂ ಬಿಡದೆ, "ಯಾರೂ ಉಣ್ಣೋದು ಬ್ಯಾಡ. ಎಲ್ಲಾ ಮಾರಿ ಹಂಚ್ಕೊಂಡು ಹೋಗೋಣ, ಒಬ್ಬರ ಮುಖ ಒಬ್ಬರು ನೋಡೋದೂ ಬ್ಯಾಡ" ಎಂದ.

ಮುನಿತಾಯಮ್ಮನವರು ಅಳಲಿಲ್ಲ, ಬೈಯಲಿಲ್ಲ. ಸೆರಗು ಸಿಕ್ಕಿಸಿ ಎಡೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರು. "ನನ್ನ ಕೈ ಅಡುಗೇಲಿ ವಿಷ ಅಂದ್ರೇನೋ?" ಎನ್ನುತ್ತಾ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಮಕ್ಕಳಿಗಿಂತ ಮೊದಲು ಅವರು ಉಂಡದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಒಂದು ಹಿಡಿ ಪುರಿಯನ್ನು ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿದರು.

"ಥೂ! ಗಂಟಲೆಲ್ಲಾ ಉರೀತೈತಲ್ಲೋ!"

"ಅತ್ತೇ!" ಎಂದು ಮೂವರೂ ಒಂದೇ ಸಲ ಕಿರುಚಿ ಮೇಲೆ ಬಿದ್ದರು. ಜಯದೇವಿ ಕ್ಯಾರಿಯರ್ ಎಸೆದು, "ಉಗಿ ಅತ್ತೆ, ಉಗಿ!" ಎಂದು ಅವರ ಗಲ್ಲ ಹಿಡಿದಳು. ಕೃಷ್ಣಪ್ಪ ಎಲೆಯನ್ನು ಕಿತ್ತುಕೊಂಡು, "ಸಾಯೋದಾದ್ರೆ ನಾನು ಸಾಯ್ತೀನಿ, ನೀನ್ಯಾಕೆ?" ಎಂದು ಉಳಿದ ಮುದ್ದೆಯನ್ನು ತಾನೇ ನುಂಗಿದ. ಜಯದೇವಿ ಒಂದು ಕಜ್ಜಾಯ ತುರುಕಿಕೊಂಡಳು. ವೆಂಕಟೇಶ, "ಅತ್ತೆ ಇಲ್ದ ಮನೆ ಯಾವನಿಗೆ ಬೇಕು!" ಎಂದು ಗೊಳೋ ಎಂದು ಅಳುತ್ತಾ, ಮಿಕ್ಕ ಪುರಿಯನ್ನು ಬಾಚಿ ಬಾಯಿಗೆ ಹಾಕಿ ಅಗಿಯತೊಡಗಿದ.

ಅಗಿದ. ಅಳು ನಿಂತಿತು. ಮತ್ತೆ ಸ್ವಲ್ಪ ನಿಧಾನವಾಗಿ ಅಗಿದ.

"ಅಣ್ಣಾ... ಇದು ಬ್ರಾಂದಿ ಕಣೋ."

"ಏನು?"

"ಪುರಿ ಬ್ರಾಂದೀಲಿ ನೆಂದೈತೆ. ಲೋಟ ಉರುಳಿಸಿದ್ದು ಅಪ್ಪ ಅಲ್ಲ. ಪಟೇಲ!"

ತನ್ನ ಹೆಸರು ಕೇಳಿತೋ ಏನೋ, ಹುಂಜ ಒಂದು ಕಣ್ಣು ತೆರೆಯಿತು. ಎದ್ದು ನಿಂತಿತು, ವಾಲಿತು, ತಿಮ್ಮಯ್ಯನವರ ಫೋಟೋಕ್ಕೆ ಒರಗಿಕೊಂಡು ಒಡೆದ ದನಿಯಲ್ಲಿ ಕೂಗಲು ಹೋಗಿ ಅರ್ಧದಲ್ಲಿಯೇ ಬಿಕ್ಕಿತು.

ನಗು ಯಾರಿಂದ ಶುರುವಾಯಿತೋ ತಿಳಿಯದು. ಮುನಿತಾಯಮ್ಮನವರು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದರು. ಆ ನಗುವಿನಲ್ಲಿ ಒಂದೊಂದೇ ಗುಟ್ಟು ಹೊರಬಿತ್ತು. ಹೆಂಚು ಬೀಳಿಸಿದ್ದು ಕೋತಿ. ಕೃಷ್ಣಪ್ಪ ಮಹಡಿ ಹತ್ತಿದ್ದೇ ಅದನ್ನು ಓಡಿಸಲು. ಮಜ್ಜಿಗೆಗೆ ಮುಂಚೆ ಅವನೊಬ್ಬನೇ ಅರ್ಧ ಹಲಸಿನ ಹಣ್ಣು ಮುಗಿಸಿದ್ದನ್ನು ಯಾರಿಗೂ ಹೇಳಿರಲಿಲ್ಲ. "ಇನ್ನು ಹಾವು?" ಎಂದಳು ಜಯದೇವಿ. "ಹೊಲದ ನಡುವಿನ ಮನೇಲಿ ಹಾವು ಬರದೆ ರೈಲು ಬರ್ತದಾ?" ಎಂದರು ಮುನಿತಾಯಮ್ಮನವರು. "ಈಗ ಎಲೆ ಹಾಕ್ತೀನಿ. ಮೇಷ್ಟ್ರು ನೋಡ್ತಾವ್ರೆ, ಸಾಲಾಗಿ ಕೂತ್ಕೊಳ್ರೋ!"

ಕುಳಿತರು. ವೆಂಕಟೇಶನ ಬನ್ನು ಪಟೇಲನ ಪಾಲಾಯಿತು.

ಆ ಮನೆ ಬಹುಕಾಲ ಭಾಗವಾಗಲಿಲ್ಲ. ಹಬ್ಬ ಹರಿದಿನಕ್ಕೆ ಮೂವರ ಸಂಸಾರಗಳೂ ಅಲ್ಲಿ ಸೇರುತ್ತಿದ್ದವು. ಆದರೆ ಮುನಿತಾಯಮ್ಮನವರ ಹಳೆಯ ವ್ರತ ಮಾತ್ರ ಆವತ್ತಿಗೇ ಮುರಿಯಿತು. ಎಲೆಯ ಮುಂದೆ ಕುಳಿತ ಮೂವರೂ ಕೈ ಕಟ್ಟಿಕೊಂಡು, "ಅತ್ತೆ, ಮೊದ್ಲು ನೀನು" ಎನ್ನುತ್ತಿದ್ದರು. ಅವರು ಮೊದಲ ತುತ್ತನ್ನು ಬಾಯಿಗಿಡುವವರೆಗೆ ಯಾರೂ ಎಲೆ ಮುಟ್ಟುತ್ತಿರಲಿಲ್ಲ.

"ಯಾಕ್ರೋ, ಇನ್ನೂ ವಿಷದ ಗ್ಯಾನವೇನೋ?" ಎಂದು ಪ್ರತಿ ಸಲವೂ ಬೈಯುತ್ತಾ, ನಗುತ್ತಾ, ಮುನಿತಾಯಮ್ಮನವರು ಮುದ್ದೆ ಮುರಿಯುತ್ತಿದ್ದರು.